ಹೈರೂಲ್ ನಾಡಿನ ಮೂರು ಅಸ್ಥಿಪಂಜರಗಳು

ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಆಡುವ ವಿಡಿಯೋ ಆಟಗಳನ್ನು ಕುರಿತು ಹಿರಿಯರಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಅವು ಕಾಲವನ್ನು ನುಂಗುತ್ತವೆ, ಕಣ್ಣನ್ನು ದಣಿಸುತ್ತವೆ ಎಂಬ ದೂರು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಆ ದೂರಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆಟವೆಂದ ಮಾತ್ರಕ್ಕೆ ಅದರಲ್ಲಿ ಕಲಿಯತಕ್ಕದ್ದು ಏನೂ ಇರದೆಂದು ತೀರ್ಮಾನಿಸುವುದೂ ಯುಕ್ತವಲ್ಲ. ಕಥೆ ಪುರಾಣಗಳಿಂದ ನೀತಿಯನ್ನು ಆರಿಸಿಕೊಳ್ಳುವಂತೆ ಆಟದಿಂದಲೂ ಒಂದು ಪಾಠವನ್ನು ಆರಿಸಿಕೊಳ್ಳಬಹುದು. ಅಂತಹ ಒಂದು ಪಾಠವನ್ನು ವಿದ್ಯಾರ್ಥಿಗಳ ಹಾಗೂ ಅವರ ತಂದೆತಾಯಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನೆಲದಲ್ಲಿ ಸಿಕ್ಕ ಎಲುಬನ್ನು ಕಂಡು ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದೇ ಪಾಠದ ವಿಷಯ.

೧. ಆಟದ ನಾಡು

ಜಪಾನಿನ ನಿಂಟೆಂಡೊ ಸಂಸ್ಥೆಯವರು ೨೦೧೭ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಎಂಬ ಆಟವನ್ನು ಹೊರತಂದರು. ೧೯೮೬ರಲ್ಲಿ ಮೊದಲಾದ ಒಂದು ಹಳೆಯ ಆಟಮಾಲೆಗೆ ಇದು ಸೇರಿದುದು. ನೂರು ವರ್ಷಗಳ ನಿದ್ರೆಯಿಂದ ಎಚ್ಚತ್ತ ಲಿಂಕ್ ಎಂಬ ತರುಣನು ಹಾಳುಬಿದ್ದ ಹೈರೂಲ್ ನಾಡಿನಲ್ಲಿ ಸಂಚರಿಸುವುದೇ ಇದರ ಕಥೆ. ಇತರ ಅನೇಕ ಆಟಗಳಲ್ಲಿ ಆಡುವವನು ಹಾಕಿಕೊಟ್ಟ ದಾರಿಯನ್ನೇ ಹಿಡಿದು ಸಾಗಬೇಕು. ಇಲ್ಲಿ ಹಾಗಲ್ಲ. ಕಣ್ಣಿಗೆ ಕಂಡ ಬೆಟ್ಟವನ್ನು ಹತ್ತಬಹುದು, ನದಿಯನ್ನು ಈಜಬಹುದು, ಮನಸ್ಸು ಬಂದ ದಿಕ್ಕಿಗೆ ಹೊರಡಬಹುದು. ನಾಡೇ ತೆರೆದಿಟ್ಟ ಪುಸ್ತಕದಂತಿದೆ. ಯಾವ ಪುಟವನ್ನು ಮೊದಲು ಓದಬೇಕೆಂಬುದು ಓದುಗನ ಇಚ್ಛೆ.

ಹೀಗೆ ಅಲೆಯುವಾಗ ಆಟಗಾರನಿಗೆ ಮೂರು ಕಡೆಗಳಲ್ಲಿ ಆಶ್ಚರ್ಯಕರವಾದ ನೋಟವೊಂದು ಎದುರಾಗುತ್ತದೆ. ಈಶಾನ್ಯದಲ್ಲಿ ಎಲ್ಡಿನ್ ಎಂಬ ಜ್ವಾಲಾಮುಖಿಯ ಸೀಮೆ; ನೈರುತ್ಯದಲ್ಲಿ ಗೆರುಡೊ ಎಂಬ ಮರಳುಗಾಡು; ವಾಯವ್ಯದಲ್ಲಿ ಹೆಬ್ರ ಎಂಬ ಹಿಮಪರ್ವತಗಳ ಪ್ರದೇಶ. ಈ ಮೂರೂ ಸ್ಥಳಗಳಲ್ಲಿ ಒಂದೊಂದು ದೈತ್ಯ ಅಸ್ಥಿಪಂಜರ ಬಿದ್ದಿದೆ. ಮನುಷ್ಯನು ಅದರ ಪಕ್ಕೆಲುಬುಗಳ ನಡುವೆ ನಿಂತರೆ ದೇವಾಲಯದ ಕಂಬಗಳ ನಡುವೆ ನಿಂತಂತೆ ಕಾಣುತ್ತಾನೆ. ಪುರಾತನ ಕಾಲದ ಈ ಪ್ರಾಣಿಗಳಿಗೆ ಆಟದಲ್ಲಿ ‘ಲೆವಯಥನ್’ ಎಂದು ಹೆಸರಿಟ್ಟಿದ್ದಾರೆ. ಹೀಬ್ರೂ ಜನರ ಪ್ರಾಚೀನ ಗ್ರಂಥಗಳಲ್ಲಿ ಬರುವ ಮಹಾ ಜಲರಾಕ್ಷಸನ ಹೆಸರಿದು.

೨. ಮೂವರು ಸಹೋದರರ ವಾದ

ಸೆರೆನ್ ಎಂಬ ಕುದುರೆಲಾಯದ ಬಳಿ ಮೂವರು ಸಂಶೋಧಕ ಸಹೋದರರು ತಂಗಿರುತ್ತಾರೆ. ಲೆವಯಥನ್‌ಗಳು ಏಕೆ ಅಳಿದುಹೋದವು ಎಂಬುದೇ ಅವರ ಚಿಂತೆ. ಭೂಮಿಗೆ ಬಂದೆರಗಿದ ಮಹಾಶೀತದಿಂದ ಅವು ಸತ್ತವೆಂದು ಒಬ್ಬನು ಹೇಳುತ್ತಾನೆ. ಜ್ವಾಲಾಮುಖಿಯ ಸ್ಫೋಟವೇ ಕಾರಣವೆಂದು ಇನ್ನೊಬ್ಬನ ವಾದ. ನೀರು ಬತ್ತಿ ಬಂದ ಬರಗಾಲದಿಂದ ನಾಶವಾದವೆಂದು ಮೂರನೆಯವನ ಮತ. ಅಸ್ಥಿಪಂಜರಗಳ ಛಾಯಾಚಿತ್ರಗಳನ್ನು ತೆಗೆದು ತರಬೇಕೆಂಬ ಕೆಲಸ ಲಿಂಕ್‌ನ ಪಾಲಿಗೆ ಬರುತ್ತದೆ. ಲಿಂಕ್‌ನ ಬಳಿ ಚಿತ್ರ ತೆಗೆಯಬಲ್ಲ ಮಾಯದ ಹಲಗೆಯೊಂದಿದೆ. ಅದನ್ನು ಹಿಡಿದು ಅವನು ನಾಡಿನ ಮೂರು ಮೂಲೆಗಳಿಗೂ ಹೋಗಬೇಕು.

ಇಲ್ಲಿ ಬುದ್ಧಿಗೆ ತೋರುವ ಒಂದು ಸಂಗತಿಯನ್ನು ಗಮನಿಸಿರಿ. ಶೀತವಾದಿಗೆ ಹಿಮದ ನಡುವೆ ಬಿದ್ದ ಅಸ್ಥಿ ಒಪ್ಪುತ್ತದೆ. ಅಗ್ನಿವಾದಿಗೆ ಎಲ್ಡಿನ್ ಸೀಮೆಯ ಅಸ್ಥಿ ಒಪ್ಪುತ್ತದೆ. ಬರದ ವಾದವನ್ನು ಹಿಡಿದವನಿಗೆ ಮರಳುಗಾಡಿನ ಅಸ್ಥಿ ಒಪ್ಪುತ್ತದೆ. ಹೀಗೆ ಮೂವರಿಗೂ ಮೂರು ಸಾಕ್ಷ್ಯಗಳು ದೊರೆಯುತ್ತವೆ. ಪ್ರತಿಯೊಬ್ಬನೂ ತನಗೆ ಒಪ್ಪಿದ ಸಾಕ್ಷ್ಯವೊಂದನ್ನೇ ನೋಡಿದರೆ ಮೂವರೂ ಗೆದ್ದಂತೆ. ಮೂರನ್ನೂ ಒಟ್ಟಿಗೆ ನೋಡಿದರೆ ಯಾರೂ ಗೆಲ್ಲಲಿಲ್ಲ. ನ್ಯಾಯಸ್ಥಾನದಲ್ಲಿ ಒಂದೇ ಪಕ್ಷದ ಸಾಕ್ಷಿಗಳನ್ನು ಕೇಳಿ ತೀರ್ಪು ಕೊಟ್ಟರೆ ಹೇಗೋ ಇದೂ ಹಾಗೆಯೇ. ನಿಜವಾದ ಪ್ರಪಂಚದಲ್ಲಿ ಎಲುಬುಗಳನ್ನು ಅಗೆದು ತೆಗೆದ ಪಂಡಿತರು ಇಂತಹ ತೊಡಕುಗಳನ್ನು ಹೇಗೆ ಬಿಡಿಸಿದರೆಂಬುದನ್ನು ಈಗ ನೋಡೋಣ.

೩. ಎಲುಬು ಸಿಕ್ಕ ನೆಲ, ಪ್ರಾಣಿ ಬಾಳಿದ ನೆಲ

ಗೆರುಡೊ ಮರಳುಗಾಡಿನ ನೋಟಕ್ಕೆ ಸಮನಾದ ಸ್ಥಳವೊಂದು ನಿಜವಾಗಿಯೂ ಇದೆ. ಈಜಿಪ್ಟಿನ ರಾಜಧಾನಿಯಾದ ಕೈರೋ ನಗರದ ನೈರುತ್ಯಕ್ಕೆ ಸುಮಾರು ೧೫೦ ಕಿಲೋಮೀಟರ್ ದೂರದಲ್ಲಿ ‘ವಾದಿ ಅಲ್ ಹಿತಾನ್’ ಎಂಬ ಬೆಂಗಾಡು ಇದೆ. ಅರಬ್ಬೀ ಭಾಷೆಯ ಆ ಹೆಸರಿಗೆ ತಿಮಿಂಗಿಲಗಳ ಕಣಿವೆ ಎಂದರ್ಥ. ಹನಿ ನೀರಿಲ್ಲದ ಆ ಮರಳಿನಲ್ಲಿ ನೂರಾರು ಪುರಾತನ ತಿಮಿಂಗಿಲಗಳ ಅಸ್ಥಿಪಂಜರಗಳು ದೊರೆತಿವೆ. ಅವುಗಳಲ್ಲಿ ದೊಡ್ಡದಾದ ಬ್ಯಾಸಿಲೋಸಾರಸ್ ಎಂಬ ಪ್ರಾಣಿ ಹದಿನೈದು ಮೀಟರಿಗೂ ಹೆಚ್ಚು ಉದ್ದವಾಗಿದ್ದಿತು. ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯವರು ಈ ಕಣಿವೆಯನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿದರು.

ಮರಳುಗಾಡಿನಲ್ಲಿ ಸಿಕ್ಕಿದುದರಿಂದ ಈ ತಿಮಿಂಗಿಲಗಳು ನೀರಿಲ್ಲದೆ ಸತ್ತವೆಂದು ಹೇಳಬಹುದೆ? ಹೇಳಲಾಗದು. ಸುಮಾರು ನಾಲ್ಕು ಕೋಟಿ ವರ್ಷಗಳ ಹಿಂದೆ ಅಲ್ಲಿ ಮರಳುಗಾಡೇ ಇರಲಿಲ್ಲ. ಟೆಥಿಸ್ ಎಂಬ ಸಮುದ್ರವು ಆ ನೆಲವನ್ನು ಮುಚ್ಚಿದ್ದಿತು. ಅದೇ ಕಣಿವೆಯಲ್ಲಿ ಕಡಲಹಸುಗಳ ಎಲುಬುಗಳೂ ಕಡಲಚಿಪ್ಪುಗಳೂ ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಬೇರುಗಳೂ ಕಲ್ಲಾಗಿ ದೊರೆತಿವೆ. ತಿಮಿಂಗಿಲಗಳು ಕಡಲಿನಲ್ಲಿ ಬಾಳಿ, ಸತ್ತು, ಕಡಲ ತಳದ ಕೆಸರಿನಲ್ಲಿ ಹೂತುಹೋದವು. ಕಡಲು ಹಿಂದೆ ಸರಿದು, ಕೆಸರು ಕಲ್ಲಾಗಿ, ಎಷ್ಟೋ ಕಾಲದ ಮೇಲೆ ಆ ನೆಲ ಮರಳುಗಾಡಾಯಿತು.

ಹಿಮದ ವಿಷಯವೂ ಇದೇ. ಅಂಟಾರ್ಕ್ಟಿಕ ಖಂಡದ ಕರ್ಕ್‌ಪ್ಯಾಟ್ರಿಕ್ ಪರ್ವತದಲ್ಲಿ ಸುಮಾರು ೪೦೦೦ ಮೀಟರ್ ಎತ್ತರದಲ್ಲಿ, ೧೯೯೦-೯೧ರ ಬೇಸಗೆಯಲ್ಲಿ, ಒಂದು ಮಾಂಸಾಹಾರಿ ಡೈನೋಸಾರಿನ ಎಲುಬುಗಳು ಸಿಕ್ಕವು. ಅದಕ್ಕೆ ೧೯೯೪ರಲ್ಲಿ ಕ್ರಯೋಲೋಫೋಸಾರಸ್ ಎಂದು ಹೆಸರಿಟ್ಟರು. ಇಂದು ಅಲ್ಲಿ ಹುಲ್ಲುಕಡ್ಡಿಯೂ ಬೆಳೆಯದು. ಆದರೆ ಆ ಪ್ರಾಣಿ ಬದುಕಿದ್ದ ಕಾಲದಲ್ಲಿ ಆ ಭೂಭಾಗವು ಧ್ರುವದಿಂದ ದೂರವಿದ್ದು, ಕಾಡುಗಳಿಂದ ಕೂಡಿತ್ತು. ಹಿಮವು ಅದನ್ನು ಕೊಲ್ಲಲಿಲ್ಲ. ಅದು ಸತ್ತು ಕೋಟ್ಯಂತರ ವರ್ಷಗಳಾದ ಮೇಲೆ ಹಿಮವು ಅದರ ಗೋರಿಯ ಮೇಲೆ ಬಂದು ಕುಳಿತಿತು.

ಆದುದರಿಂದ ಮೊದಲನೆಯ ಸೂತ್ರವಿದು: ಎಲುಬು ಇಂದು ಬಿದ್ದಿರುವ ನೆಲದ ಹವೆಯನ್ನು ನೋಡಿ ಪ್ರಾಣಿಯ ಸಾವಿನ ಕಾರಣವನ್ನು ಹೇಳಬಾರದು. ಎಲುಬನ್ನು ಹುದುಗಿಸಿಕೊಂಡ ಕಲ್ಲಿನ ಸ್ತರ ಯಾವುದು, ಅದರ ಸುತ್ತಲೂ ಮತ್ತೇನು ಸಿಕ್ಕಿತು ಎಂಬುದನ್ನು ಮೊದಲು ಕೇಳಬೇಕು. ಹೈರೂಲಿನ ಮೂವರು ಸಹೋದರರಿಗೆ ನಾವು ಕೇಳಬೇಕಾದ ಪ್ರಶ್ನೆಯೂ ಇದೇ.

೪. ಯಾವ ಪ್ರಾಣಿ? ಎಷ್ಟು ಪ್ರಾಣಿಗಳು?

ಗಾತ್ರವು ಕಣ್ಣನ್ನು ಮೋಸಗೊಳಿಸುತ್ತದೆ. ೧೮೩೪ರಲ್ಲಿ ಅಮೆರಿಕದ ರಿಚರ್ಡ್ ಹಾರ್ಲನ್ ಎಂಬ ವಿದ್ವಾಂಸನು ದೊಡ್ಡ ಕಶೇರುಗಳನ್ನು ಪರೀಕ್ಷಿಸಿ, ಇವು ಮಹಾಸರೀಸೃಪವೊಂದರ ಎಲುಬುಗಳೆಂದು ಭಾವಿಸಿ, ಅದಕ್ಕೆ ಬ್ಯಾಸಿಲೋಸಾರಸ್ ಎಂದು ನಾಮಕರಣ ಮಾಡಿದನು. ಹಲ್ಲಿಗಳ ರಾಜನೆಂದು ಆ ಹೆಸರಿನ ಅರ್ಥ. ಕೆಲವು ವರ್ಷಗಳಲ್ಲಿಯೇ ಇಂಗ್ಲೆಂಡಿನ ರಿಚರ್ಡ್ ಓವೆನ್ ಅದರ ಹಲ್ಲುಗಳನ್ನು ನೋಡಿದನು. ದವಡೆಯ ಹಲ್ಲುಗಳಿಗೆ ಎರಡೆರಡು ಬೇರುಗಳಿದ್ದವು. ಅಂತಹ ಹಲ್ಲು ಹಾಲೂಡುವ ಪ್ರಾಣಿಗಳ ಲಕ್ಷಣ. ಆದುದರಿಂದ ಅದು ಹಲ್ಲಿಯಲ್ಲ, ತಿಮಿಂಗಿಲವೆಂದು ಓವೆನ್ ತೋರಿಸಿಕೊಟ್ಟನು. ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು. ಬೆಟ್ಟದಂತಹ ಬೆನ್ನೆಲುಬು ಹೇಳದ ಸತ್ಯವನ್ನು ಒಂದು ಹಲ್ಲು ಹೇಳಿತು.

ಇದಕ್ಕಿಂತಲೂ ವಿಚಿತ್ರವಾದ ಕಥೆಯೊಂದಿದೆ. ೧೮೪೫ರಲ್ಲಿ ಆಲ್ಬರ್ಟ್ ಕಾಖ್ ಎಂಬಾತನು ಅಲಬಾಮಾ ಪ್ರಾಂತದಲ್ಲಿ ಅಗೆದ ಎಲುಬುಗಳನ್ನು ಸಾಲಾಗಿ ಜೋಡಿಸಿ, ೧೧೪ ಅಡಿ ಉದ್ದದ ಕಡಲಸರ್ಪದ ಅಸ್ಥಿಪಂಜರವೆಂದು ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನಕ್ಕಿಟ್ಟನು. ಜನರು ದುಡ್ಡು ಕೊಟ್ಟು ನೋಡಿದರು. ಜೆಫ್ರೀಸ್ ವೈಮನ್ ಎಂಬ ಶರೀರಶಾಸ್ತ್ರಜ್ಞನು ಅದನ್ನು ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ಅದು ಒಂದು ಪ್ರಾಣಿಯಲ್ಲ. ಬೇರೆ ಬೇರೆ ವಯಸ್ಸಿನ ಹಲವು ಬ್ಯಾಸಿಲೋಸಾರಸ್‌ಗಳ ಬೆನ್ನೆಲುಬುಗಳನ್ನು ಒಂದರ ಹಿಂದೊಂದು ಕೂಡಿಸಿ ಮಾಡಿದ ಮಾಲೆ. ಹಾಗಿದ್ದರೂ ಪ್ರಷ್ಯಾ ದೇಶದ ಅರಸನು ಅದನ್ನು ಕೊಂಡುಕೊಂಡನು!

ಬೇರೆ ಬೇರೆ ಪ್ರಾಣಿಗಳ ಎಲುಬುಗಳನ್ನು ಕೂಡಿಸುವುದೇ ತಪ್ಪೆಂದು ಇದರಿಂದ ತಿಳಿಯಬಾರದು. ನಮ್ಮ ದೇಶದ ಗೋದಾವರಿ-ಪ್ರಾಣಹಿತಾ ಕಣಿವೆಯಲ್ಲಿ ದೊರೆತ ಕೋಟಾಸಾರಸ್ ಎಂಬ ಡೈನೋಸಾರನ್ನು ನೋಡಿರಿ. ೧೯೮೮ರಲ್ಲಿ ಹೆಸರು ಪಡೆದ ಈ ಸಸ್ಯಾಹಾರಿಯ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನಿಲ್ಲಿಸಿದ್ದಾರೆ. ತೆಲಂಗಾಣದಲ್ಲಿ ನೆಲಸಿರುವ ನಮ್ಮ ಮಕ್ಕಳಿಗೆ ಅದು ಬಹು ದೂರವೇನೂ ಅಲ್ಲ. ಅದರ ಎಲುಬುಗಳು ಸಹ ಒಂದೇ ಪ್ರಾಣಿಯವಲ್ಲ. ಹತ್ತಾರು ಪ್ರಾಣಿಗಳ ಅವಶೇಷಗಳು ಒಂದೆಡೆ ದೊರೆತಿದ್ದವು. ಆದರೆ ಪಂಡಿತರು ಅದನ್ನು ಮುಚ್ಚಿಡಲಿಲ್ಲ. ಯಾವ ಎಲುಬು ದೇಹದ ಯಾವ ಭಾಗದ್ದೆಂದು ಗುರುತಿಸಿ, ಒಂದು ಪ್ರಾಣಿಯ ಅಳತೆಗೆ ತಕ್ಕಂತೆ ಜೋಡಿಸಿದರು. ಕಾಖನ ಕೆಲಸಕ್ಕೂ ಇವರ ಕೆಲಸಕ್ಕೂ ಇರುವ ಅಂತರ ಪ್ರಾಮಾಣಿಕತೆಯದು. ಇದೇ ಎರಡನೆಯ ಸೂತ್ರ: ದೊಡ್ಡದನ್ನು ಕಂಡು ಬೆರಗಾಗುವ ಮೊದಲು, ಇದು ಯಾವುದು, ಎಷ್ಟು, ಯಾರು ಜೋಡಿಸಿದರು ಎಂದು ಕೇಳಬೇಕು.

೫. ಸಾವಿನ ಕಾರಣವನ್ನು ಹುಡುಕುವ ಬಗೆ

ಹಾಗಾದರೆ ಲಕ್ಷಾಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಯ ಸಾವಿಗೆ ಕಾರಣವನ್ನು ಕಂಡುಹಿಡಿಯುವುದು ಸಾಧ್ಯವೇ ಇಲ್ಲವೆ? ಸಾಧ್ಯವುಂಟು, ಆದರೆ ತಾಳ್ಮೆ ಬೇಕು. ಲಿಂಕ್ ಮಾಡಿದ ಕೆಲಸವನ್ನೇ ಹೋಲುವ ಒಂದು ನಿಜಸಂಗತಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆಯಿತು.

೨೦೧೦ರಲ್ಲಿ ಅಟಕಾಮಾ ಮರಳುಗಾಡಿನ ಅಂಚಿನಲ್ಲಿ, ಕಾಲ್ಡೇರಾ ಬಂದರಿನ ಬಳಿ, ಹೆದ್ದಾರಿಯನ್ನು ಅಗಲ ಮಾಡಲು ನೆಲವನ್ನು ಕಡಿಯುತ್ತಿದ್ದಾಗ ತಿಮಿಂಗಿಲಗಳ ಎಲುಬುಗಳು ಹೊರಬಿದ್ದವು. ಒಂದೆರಡಲ್ಲ, ನಲವತ್ತಕ್ಕೂ ಮಿಕ್ಕಿ. ಆ ಸ್ಥಳಕ್ಕೆ ಸೆರ್ರೋ ಬಯೇನಾ, ಅಂದರೆ ತಿಮಿಂಗಿಲದ ಗುಡ್ಡ, ಎಂದು ಹೆಸರು. ರಸ್ತೆಯ ಕೆಲಸ ಬಹು ದಿನ ನಿಲ್ಲುವಂತಿರಲಿಲ್ಲ. ಎಲುಬುಗಳನ್ನು ಎತ್ತಿ ಸಾಗಿಸಿದರೆ ಅವು ಹೇಗೆ ಬಿದ್ದಿದ್ದವೆಂಬ ಸಾಕ್ಷ್ಯ ಅಳಿಸಿಹೋಗುವುದು. ಆಗ ಚಿಲಿಯ ವಿಜ್ಞಾನಿಗಳೂ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರೂ ಕೂಡಿ, ಲೇಸರ್ ಕಿರಣದ ಯಂತ್ರಗಳಿಂದ ಪ್ರತಿ ಅಸ್ಥಿಪಂಜರದ ಉಬ್ಬುತಗ್ಗುಗಳನ್ನೂ ಅಳೆದು, ಇದ್ದುದನ್ನು ಇದ್ದಂತೆ ಗಣಕಯಂತ್ರದಲ್ಲಿ ದಾಖಲು ಮಾಡಿಕೊಂಡರು. ಲಿಂಕ್‌ನ ಹಲಗೆ ಆಟದಲ್ಲಿ ಮಾಡುವುದನ್ನು ಇವರು ನಿಜವಾಗಿ ಮಾಡಿದರು.

ಆ ಬಳಿಕ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಎಲ್ಲವೂ ಒಂದೇ ದಿನ ಸತ್ತವೆ? ಇಲ್ಲ, ಎಲುಬುಗಳು ಒಂದರ ಮೇಲೊಂದಾಗಿ ನಾಲ್ಕು ಸ್ತರಗಳಲ್ಲಿದ್ದವು. ಎಂದರೆ ಅದೇ ಆಪತ್ತು ನಾಲ್ಕು ಬಾರಿ ಬಂದಿರಬೇಕು. ಸತ್ತವು ಮುದಿಪ್ರಾಣಿಗಳೆ? ಇಲ್ಲ, ಬೆಳೆದವೂ ಇದ್ದವು, ಮರಿಗಳೂ ಇದ್ದವು. ತಿಮಿಂಗಿಲಗಳು ಮಾತ್ರವೆ? ಅಲ್ಲ, ಕಡಲನಾಯಿಗಳು, ನೀರಿನಲ್ಲಿ ಬಾಳುತ್ತಿದ್ದ ಸ್ಲಾತ್ ಜಾತಿಯ ಪ್ರಾಣಿಗಳು, ದೊಡ್ಡ ಮೀನುಗಳು ಸಹ ಇದ್ದವು. ಎಲುಬುಗಳು ಚೆಲ್ಲಾಪಿಲ್ಲಿಯಾಗಿದ್ದವೆ? ಬಹುಪಾಲು ಹಾಗಿರಲಿಲ್ಲ, ಅನೇಕ ದೇಹಗಳು ಹೊಟ್ಟೆ ಮೇಲಾಗಿ ಅಖಂಡವಾಗಿ ಬಿದ್ದಿದ್ದವು. ಎಂದರೆ ಅವು ದಡ ಸೇರುವ ಮೊದಲೇ, ಕಡಲಿನಲ್ಲಿಯೇ, ಬೇಗನೆ ಸತ್ತಿರಬೇಕು.

ವಯಸ್ಸನ್ನೂ ಜಾತಿಯನ್ನೂ ನೋಡದೆ, ಬೇಗನೆ, ಮತ್ತೆ ಮತ್ತೆ ಕೊಲ್ಲಬಲ್ಲ ಕಾರಣ ಯಾವುದು? ಕಡಲಿನಲ್ಲಿ ಕೆಲವೊಮ್ಮೆ ವಿಷಪೂರಿತವಾದ ಸೂಕ್ಷ್ಮ ಪಾಚಿ ಮಿತಿಮೀರಿ ಬೆಳೆಯುತ್ತದೆ. ಇಂದಿಗೂ ಅದರಿಂದ ತಿಮಿಂಗಿಲಗಳು ಸಾಯುವುದುಂಟು. ಈ ಎಲ್ಲ ಸಾಕ್ಷ್ಯಗಳಿಗೂ ಒಪ್ಪುವ ಕಾರಣ ಅದೇ ಎಂದು ೨೦೧೪ರಲ್ಲಿ ಆ ವಿಜ್ಞಾನಿಗಳು ಪ್ರಕಟಿಸಿದರು. ನೋಡಿರಿ, ಮರಳುಗಾಡಿನ ಬಿಸಿಲಾಗಲಿ ಆಂಡೀಸ್ ಶ್ರೇಣಿಯ ಜ್ವಾಲಾಮುಖಿಗಳಾಗಲಿ ಈ ತೀರ್ಮಾನಕ್ಕೆ ಬೇಕಾಗಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದು ಕಾರಣವಾಯಿತು. ಮೂರನೆಯ ಸೂತ್ರ ಇದು: ಒಂದು ಸಾಕ್ಷ್ಯಕ್ಕೆ ಒಪ್ಪುವ ಕಾರಣ ಸಾಲದು; ಎಲ್ಲ ಸಾಕ್ಷ್ಯಗಳಿಗೂ ಒಪ್ಪುವ ಕಾರಣವೇ ನಿಲ್ಲುತ್ತದೆ.

೬. ಅಂಗೈಯಲ್ಲಿ ಬರುವ ಅಸ್ಥಿಪಂಜರಗಳು

ಇದೆಲ್ಲ ಪಂಡಿತರ ವಿಷಯ, ನಮಗೇಕೆ ಎಂದು ತಂದೆತಾಯಿಗಳು ಕೇಳಬಹುದು. ಇದು ನಮ್ಮೆಲ್ಲರ ಮನೆಗಳಿಗೂ ಸಂಬಂಧಪಟ್ಟ ವಿಷಯವೆಂಬುದನ್ನು ತೋರಿಸಲು ಒಂದೇ ಉದಾಹರಣೆ ಸಾಕು. ಅಗೆದ ಗುಂಡಿಯಲ್ಲಿ ಮಲಗಿರುವ ದೈತ್ಯ ಮಾನವನ ಅಸ್ಥಿಪಂಜರ, ಅದರ ತಲೆಬುರುಡೆಯ ಬಳಿ ಇರುವೆಯಂತೆ ಕಾಣುವ ಕೆಲಸಗಾರ—ಇಂತಹ ಚಿತ್ರವೊಂದು ಅನೇಕರಿಗೆ ಮೊಬೈಲ್ ಫೋನಿನಲ್ಲಿ ಬಂದಿರಬಹುದು. ಉತ್ತರ ಭಾರತದ ಮರಳುಗಾಡಿನಲ್ಲಿ ಸಿಕ್ಕ ಘಟೋತ್ಕಚನ ಎಲುಬಿದು ಎಂಬ ಒಕ್ಕಣೆಯೂ ಅದರೊಡನೆ ಸುತ್ತಾಡಿತು.

ನಿಜಸ್ಥಿತಿ ಬೇರೆ. ೨೦೦೦ದಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬಲ್ಲಿ, ಆನೆಯ ದೂರದ ಬಂಧುವಾದ ಮ್ಯಾಸ್ಟೊಡಾನ್ ಎಂಬ ಪ್ರಾಣಿಯ ಎಲುಬುಗಳನ್ನು ಅಗೆದು ತೆಗೆದರು. ಆ ಗುಂಡಿಯ ಛಾಯಾಚಿತ್ರದೊಳಕ್ಕೆ ಮನುಷ್ಯನ ಅಸ್ಥಿಪಂಜರದ ಚಿತ್ರವನ್ನು ಸೇರಿಸಿ, ೨೦೦೨ರಲ್ಲಿ ಕಲಾವಿದನೊಬ್ಬನು ಚಿತ್ರಸ್ಪರ್ಧೆಗೆ ಕಳುಹಿಸಿದ್ದನು. ಮೋಸ ಅವನ ಉದ್ದೇಶವಾಗಿರಲಿಲ್ಲ. ಅದು ಕೈಚಳಕದ ಸ್ಪರ್ಧೆ. ಬಳಿಕ ಯಾರೋ ಅದಕ್ಕೆ ಸುಳ್ಳುಕಥೆಯನ್ನು ಅಂಟಿಸಿ ಲೋಕದ ಮೇಲೆ ಬಿಟ್ಟರು. ೨೦೦೭ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯವರು ಈ ಸಂಗತಿಯನ್ನು ಬಯಲು ಮಾಡಿದರು. ಹಾಗಿದ್ದರೂ ಸುಳ್ಳಿನ ಸಂಚಾರ ನಿಲ್ಲಲಿಲ್ಲ.

ಕಾಖನ ಕಾಲದಲ್ಲಿ ಸುಳ್ಳು ಅಸ್ಥಿಪಂಜರವನ್ನು ಮಾಡಲು ಬಂಡಿಗಟ್ಟಲೆ ಎಲುಬು ಬೇಕಾಗಿತ್ತು. ಈಗ ಏನೂ ಬೇಕಿಲ್ಲ. ಘಟೋತ್ಕಚನು ಮಹಾಭಾರತದಲ್ಲಿ ಇದ್ದಾನೆ. ಅವನ ಹಿರಿಮೆಗೆ ಕೃತಕಚಿತ್ರದ ಆಸರೆ ಬೇಡ. ಪುರಾಣವನ್ನು ಪುರಾಣವಾಗಿ ಗೌರವಿಸುವವನು ಅದರ ಹೆಸರಿನಲ್ಲಿ ಸುಳ್ಳನ್ನು ಹಂಚಲಾರನು. ಮೇಲಿನ ಮೂರು ಸೂತ್ರಗಳನ್ನು ಕಲಿತ ಹುಡುಗನು ಅಂತಹ ಚಿತ್ರವನ್ನು ಕಂಡೊಡನೆ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಅಗೆದರು, ಈಗ ಯಾವ ವಸ್ತುಸಂಗ್ರಹಾಲಯದಲ್ಲಿದೆ ಎಂದು ಕೇಳುತ್ತಾನೆ. ಉತ್ತರ ಬಾರದಿದ್ದರೆ ಅದನ್ನು ಇತರರಿಗೆ ಕಳುಹಿಸದೆ ಸುಮ್ಮನಿರುತ್ತಾನೆ. ಒಂದು ಊರಿನ ನೆಮ್ಮದಿಯನ್ನು ಕೆಡಿಸಬಲ್ಲ ಸುಳ್ಳುಸುದ್ದಿಯನ್ನು ತಡೆಯುವ ಶಕ್ತಿಯೂ ಇದೇ ಅಭ್ಯಾಸದಿಂದ ಬರುತ್ತದೆ.

೭. ಉಪಸಂಹಾರ

ಆಟಕ್ಕೂ ನಿಜಕ್ಕೂ ಇರುವ ಒಂದು ಭೇದವನ್ನು ಮರೆಯಬಾರದು. ಹೈರೂಲಿನ ಅಸ್ಥಿಗಳನ್ನು ಚಿತ್ರಕಾರರು ತಮ್ಮ ಇಚ್ಛೆಯಂತೆ ರಚಿಸಿ ಅಲ್ಲಿ ಇರಿಸಿದ್ದಾರೆ. ಅವುಗಳ ಹಿಂದೆ ಅಗೆದಷ್ಟೂ ಮುಗಿಯದ ನೆಲವಿಲ್ಲ. ಭೂಮಿಯಲ್ಲಿ ಹೂತ ಎಲುಬುಗಳನ್ನಾದರೋ ನಮಗಾಗಿ ಯಾರೂ ಇರಿಸಿದುದಲ್ಲ. ಅವು ನಮ್ಮ ವಾದಕ್ಕೆ ಒಪ್ಪಬೇಕೆಂಬ ನಿಯಮವೂ ಇಲ್ಲ. ಆಟವು ಕುತೂಹಲವನ್ನು ಎಬ್ಬಿಸಬಲ್ಲುದು. ಕುತೂಹಲಕ್ಕೆ ಆಹಾರವನ್ನು ಕೊಡುವುದು ನಿಜವಾದ ಭೂಮಿಯೇ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮಗುವು ಆಟದಲ್ಲಿ ದೈತ್ಯ ಅಸ್ಥಿಪಂಜರವನ್ನು ಕಂಡೆನೆಂದು ಸಂಭ್ರಮದಿಂದ ಹೇಳಿದಾಗ, ಆಟಕ್ಕೆ ಹೊತ್ತಿನ ಮಿತಿಯನ್ನು ಹಾಕಿರಿ. ಸಂಭ್ರಮಕ್ಕೆ ಮಾತ್ರ ಮಿತಿ ಹಾಕಬೇಡಿರಿ. “ಅದು ಅಲ್ಲಿಗೆ ಹೇಗೆ ಬಂತು?” ಎಂದು ಒಂದು ಪ್ರಶ್ನೆ ಕೇಳಿರಿ. ಉತ್ತರವನ್ನು ಹುಡುಕುವ ಮಗು ಪುಸ್ತಕವನ್ನು ತೆರೆದೇ ತೀರುವುದು.

ಅಭ್ಯಾಸ

೧. ಹೈರೂಲಿನ ಮೂವರು ಸಹೋದರರ ವಾದಗಳಲ್ಲಿ ಇರುವ ಸಮಾನವಾದ ದೋಷ ಯಾವುದು?

೨. ವಾದಿ ಅಲ್ ಹಿತಾನ್ ಒಮ್ಮೆ ಕಡಲಾಗಿತ್ತೆಂದು ತಿಳಿಸುವ ಸಾಕ್ಷ್ಯಗಳು ಯಾವುವು?

೩. ಬ್ಯಾಸಿಲೋಸಾರಸ್ ಸರೀಸೃಪವಲ್ಲವೆಂದು ಹೇಗೆ ತಿಳಿಯಿತು?

೪. ಸೆರ್ರೋ ಬಯೇನಾದಲ್ಲಿ ನಾಲ್ಕು ಸ್ತರಗಳಿದ್ದುದರಿಂದ ವಿಜ್ಞಾನಿಗಳು ಏನನ್ನು ಊಹಿಸಿದರು?

೫. ಕಾಖನ ಅಸ್ಥಿಪಂಜರಕ್ಕೂ ಹೈದರಾಬಾದಿನ ಕೋಟಾಸಾರಸ್ ಅಸ್ಥಿಪಂಜರಕ್ಕೂ ಇರುವ ವ್ಯತ್ಯಾಸವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

೬. ನಿಮ್ಮ ಮನೆಯ ಮೊಬೈಲ್ ಫೋನಿಗೆ ಬಂದ ಒಂದು ಆಶ್ಚರ್ಯಕರ ಚಿತ್ರವನ್ನು ಆರಿಸಿಕೊಂಡು, ಈ ಪಾಠದ ಮೂರು ಸೂತ್ರಗಳಿಂದ ಅದನ್ನು ಪರೀಕ್ಷಿಸಿ, ಕಂಡುದನ್ನು ಮನೆಯವರಿಗೆ ಓದಿಹೇಳಿರಿ.